ಹುಳ ಮೇಯುವ ಸದ್ದು

ಹೋದ ವಾರ ತವರಿಗೆ ಹೊರಟಿದ್ದಾಗ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆಯೊಂದನ್ನು ನನ್ನ ಕಾಲ ಬಳಿ ತಂದಿಟ್ಟರು. ಒದ್ದೆ ಗೋಣಿಯಿಂದ ಬಂದ ಆ ಹಸಿ ವಾಸನೆಗೆ ಮನಸ್ಸು ತಿರುಗಿ ಗಂಡನ ಊರಿಗೇ ಓಡಿತು, ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರಕ್ಕೆ...

ನಾನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹುಟ್ಟಿದವಳು. ಆ ಖಟಖಟದಲ್ಲೇ ಉಂಡು, ಓದಿ, ನಿದ್ದೆ ಮಾಡಿದವಳು. ಕರೆಂಟು ಹೋಗಿ ಮಗ್ಗ ನಿಂತರೆ ನಮ್ಮಲ್ಲಿ ಮಲಗಿದ್ದ ಮಕ್ಕಳು ಎದ್ದು ಅಳುತ್ತಿದ್ದವು. ಅಂಥವಳನ್ನು ದೇವನಹಳ್ಳಿ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟರು. ಗಂಡ ಒಳ್ಳೆಯವರು, ಅತ್ತೆಯೂ ಜೋರಿನವರಲ್ಲ. ಆದರೆ ಅಲ್ಲಿನ ನಿಶ್ಶಬ್ದಕ್ಕೆ ನನಗೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ಯಾರನ್ನು ದೂರಲಿ? ಹಬ್ಬಕ್ಕೆಂದು ತವರಿಗೆ ಹೋದರೆ ಮತ್ತೆ ಬರಬಾರದು ಎಂದು ಒಳಗೊಳಗೇ ತೀರ್ಮಾನಿಸಿದ್ದೆ.

ಒಂದು ಮಧ್ಯಾಹ್ನ ಅತ್ತೆ ಕೊಟ್ಟ ಮಜ್ಜಿಗೆ ಚೊಂಬು ಹಿಡಿದು ದೊಡ್ಡಮ್ಮನ ರೇಷ್ಮೆಹುಳದ ಮನೆ ಬಾಗಿಲಿಗೆ ಹೋದೆ. ಒಳಗಿಂದ ಜಡಿಮಳೆಯ ಸದ್ದು! ಚೊಂಬನ್ನು ಅಲ್ಲೇ ಇಟ್ಟು ಓಡಿಬಂದು, ನಮ್ಮಂಗಳದಲ್ಲಿ ಒಣಹಾಕಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡೆ. ತಲೆಯೆತ್ತಿದರೆ ಸುಡುಬಿಸಿಲು. ದೊಡ್ಡಮ್ಮ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಮಳೆ ಅಲ್ಲ ಕಣೇ ಹುಡ್ಗಿ, ಹುಳ! ಸೊಪ್ಪು ತಿಂತಾವೆ. ಬಾ ಒಳಕ್ಕೆ."

ತಟ್ಟೆಯ ಮೇಲೆ ತಟ್ಟೆ. ಬೆರಳುದ್ದದ ಬಿಳಿ ಹುಳುಗಳು ತಲೆಯಾಡಿಸುತ್ತ ಎಲೆಯ ಅಂಚು ಕತ್ತರಿಸುತ್ತಿದ್ದವು. ಒಂದನ್ನೇ ಕಿವಿಗೆ ಹಿಡಿದರೆ ಏನೂ ಕೇಳಿಸದು, ಎಲ್ಲ ಸೇರಿದರೆ ಮನೆ ತುಂಬ ಮಳೆ. ಹುಟ್ಟಿದಂದಿನಿಂದ ರೇಷ್ಮೆ ನೋಡಿದವಳು ನಾನು. ಅದರ ಹಿಂದೆ ಇಂಥದೊಂದು ಸದ್ದಿದೆ ಎಂದು ಯಾರೂ ಹೇಳಿರಲಿಲ್ಲ.

"ಹೆಂಗೈತೆ ಸದ್ದು? ಹೇಳು" ಎಂದರು.

ಅಂದಿನಿಂದ ದಿನವೂ ಅದೇ ಪ್ರಶ್ನೆ. ಬರೀ ಮಳೆ ಎಂದರೆ ಬಿಡುತ್ತಿರಲಿಲ್ಲ. ಹೆಂಚಿನ ಮೇಲಿನದೋ, ಹೊಲದ ಮೇಲಿನದೋ ಎಂದು ಕೇಳುತ್ತಿದ್ದರು. ಉತ್ತರ ಹುಡುಕಿ ಹುಡುಕಿ ನನ್ನ ಕಿವಿ ಸೂಕ್ಷ್ಮವಾಯಿತು. ಹೊರಗೆ ಬಂದರೆ ಹಸು ಮೆಲುಕು ಹಾಕುವುದು, ಒಣಗಿದ ಹುಣಸೆಕಾಯಿ ಗಾಳಿಗೆ ಒಂದಕ್ಕೊಂದು ತಾಗುವುದು... ನಾನು ಹೆದರಿದ್ದ ನಿಶ್ಶಬ್ದ ಇದೇನಾ ಎಂದು ಬೆರಗಾಗುತ್ತಿತ್ತು.

ಒಮ್ಮೆ ನಾನೇ ಛೇಡಿಸಿದೆ. "ಏನ್ ದೊಡ್ಡಮ್ಮ, ದಿನಾ ಪರೀಕ್ಷೆ ಮಾಡ್ತೀರಲ್ಲ, ಇವತ್ತು ನೀವೇ ಹೇಳಿ ನೋಡಾಣ."

ಸೊಪ್ಪು ಹರವುತ್ತಿದ್ದ ಅವರ ಕೈ ನಿಂತಿತು. "ಜನ ಮಾತಾಡಿದ್ ಕೇಳ್ತದೆ ಕಣವ್ವ. ಇವು ತಿನ್ನೋದು ಕೇಳ್ದಂಗಾಗಿ ಎಷ್ಟೋ ವರ್ಸ ಆಯ್ತು. ಕೆಲ್ಸಕ್ಕೇನೂ ಅಡ್ಡಿ ಇಲ್ಲ, ನೋಡಿದ್ರೇ ಗೊತ್ತಾಗ್ತದೆ. ಆದ್ರೂ ಆಸೆ ನೋಡು..."

ಅಷ್ಟು ದಿನ ಅವರು ನನ್ನ ಕಿವಿಯಿಂದ ಕೇಳುತ್ತಿದ್ದರು!

ಹಬ್ಬಕ್ಕೆ ತವರಿಗೆ ಹೋದೆ, ಮುಗಿದ ಮರುದಿನವೇ ಹಿಂತಿರುಗಿದೆ. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅವು ಜ್ವರ ಎದ್ದು ಮತ್ತೆ ತಿನ್ನತೊಡಗುವ ದಿನ ಅದು. ಮೊದಲ ಸದ್ದನ್ನು ಅವರಿಗೆ ಹೇಳಲು ನಾನಿರಬೇಕಿತ್ತು. ಬಿಟ್ಟು ಹೋಗುವ ಯೋಚನೆ ಆಮೇಲೆ ಬರಲೇ ಇಲ್ಲ.

ದೊಡ್ಡಮ್ಮ ತೀರಿಕೊಂಡು ಬಹಳ ಕಾಲವಾಯಿತು. ಈಗ ಅವರ ಸೊಸೆ ಹುಳ ಸಾಕುತ್ತಾಳೆ. ಅವಳ ಕಿವಿ ಚೆನ್ನಾಗಿದೆ, ನಾನೇನೂ ಹೇಳಬೇಕಿಲ್ಲ.

ಹೋದ ವಾರ ತವರಿಗೆ ಹೋದದ್ದು ತಮ್ಮನಿಗೆ ಹುಟ್ಟಿದ ಕೂಸನ್ನು ನೋಡಲು. ನಾದಿನಿ ಹಾಲೂಡಿಸುತ್ತಿದ್ದಳು. ಮಗ್ಗದ ಅಷ್ಟು ಗದ್ದಲದ ನಡುವೆಯೂ ಕೂಸು ಗುಟುಕರಿಸುವುದು ನನಗೆ ಕೇಳಿಸಿತು. ಒಂದು ಗುಟುಕು, ಸಣ್ಣದೊಂದು ಉಸಿರು, ಮತ್ತೆ ಗುಟುಕು... ಇದನ್ನು ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ಪದ ಹುಡುಕತೊಡಗಿದೆ. ಸರಿಯಾದ ಪದ ಸಿಕ್ಕಿಯೂಬಿಟ್ಟಿತು. ಆಮೇಲೆ ನೆನಪಾಯಿತು, ಅವರಿಲ್ಲವೆಂದು.