ಮಾಸ್ತರರ ಹೊಸ ಬೂಟು

ನೆರೆಮನೆಯ ಭೂಗೋಳದ ಮಾಸ್ತರರು ಇಂಗ್ಲೆಂಡ್ ನೋಡದೆಯೇ ಸತ್ತರೆಂದು ಗಂಗಾವತಿಯ ನಮ್ಮ ಓಣಿಯೆಲ್ಲ ಹೇಳುತ್ತದೆ. ಸಾಕ್ಷಿ ಏನು?

ಇಂಗ್ಲೆಂಡಿನಲ್ಲಿ, ವೇಲ್ಸ್ ಗಡಿಯ ಕೆಂಪು ಮಣ್ಣಿನ ಹಳ್ಳಿಗಾಡಿನಲ್ಲಿ ರಜೆ ಕಳೆಯುವ ಆಸೆಯಿಂದ ಅವರು ಸದಾ ನಕಾಶೆಯ ಮೇಲೆ ಬೆರಳಾಡಿಸುತ್ತಿದ್ದರು. ಅವರಿಗೆ ಎದೆನೋವು ಬಂದಾಗ ಹೆಂಡತಿ ಪ್ರಯಾಣ ತಡೆದರು. ಮಾಸ್ತರರು ಮುಹೂರ್ತ ನೋಡಿ, ಹೊಸ ಬೂಟಿದ್ದ ಪೆಟ್ಟಿಗೆಯನ್ನು ನಮ್ಮ ಮನೆಯಲ್ಲಿಟ್ಟರು. ಸಾಮಾನು ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದಂತೆ ಎಂಬುದು ಪದ್ಧತಿ.

"ನಾ ಆಗಲೇ ಹೊಂಟೀನ್ರಿ," ಎನ್ನುತ್ತಿದ್ದರು, ಕೇಳಿದವರಿಗೆಲ್ಲ.

"ಹೊಂಟಾರಂತ! ಪೆಟ್ಟಿಗಿ ಕೀಲಿಕೈ ನನ್ನ ಸೆರಗಿನ್ಯಾಗ ಐತಿ. ಬರಿಗಾಲಾಗ ಹೋಗ್ರಿ," ಎಂದು ಹೆಂಡತಿ ಹಂಗಿಸುತ್ತಿದ್ದರು.

ಆ ಬೇಸಿಗೆಯಲ್ಲೇ ಮಾಸ್ತರರು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಹೆಂಡತಿ ನಮ್ಮೆದುರೇ ಪೆಟ್ಟಿಗೆ ತೆರೆದರು. ಬೂಟಿನ ಅಟ್ಟೆ ಸವೆದಿತ್ತು. ಅದಕ್ಕೆ ಮೆತ್ತಿದ್ದ ಕೆಂಪು ಕೆಸರು ಇನ್ನೂ ಹಸಿಯಾಗಿತ್ತು. ನಮ್ಮ ಸುತ್ತ ಇರುವುದು ಕಪ್ಪು ಎರೆಮಣ್ಣು.

ದೆವ್ವವನ್ನು ನಾನು ನಂಬುವುದಿಲ್ಲ. ಪೆಟ್ಟಿಗೆಯನ್ನು ಯಾರೋ ತೆರೆದಿರಲೇಬೇಕು.

ಮಾಸ್ತರರ ಹೆಂಡತಿಯನ್ನೇ ಕೇಳಿದೆ: "ಅಕ್ಕಾರ, ಕೀಲಿಕೈ ನಿಮ್ಮ ಸೆರಗು ಬಿಟ್ಟು ಯಾವಾಗರ ಹೋಗಿತ್ತೇನ್ರಿ?"