ಮೂರನೇ ಚಾನೆಲ್

ಮಾನ್ವಿಯಲ್ಲಿ ಮದುವೆಗಳಿಗೆ ಡ್ರೋನ್ ಹಾರಿಸುವವನೊಬ್ಬನಿದ್ದ. ಡ್ರೋನಿನ ಚಿತ್ರ ಕಾಣುವ ಗಾಗಲ್ಸ್ ಕಣ್ಣಿಗೇರಿಸಿದರೆ ಅವನಿಗೆ ಸುತ್ತಲಿನದೇನೂ ಕಾಣದು. ಹಾರಿಸುತ್ತ ಹಿಂದಕ್ಕೆ ಸರಿಯುವ ಚಾಳಿ ಬೇರೆ. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಹಾರಿಸಿದರೆ ಒಬ್ಬರ ಚಿತ್ರ ಇನ್ನೊಬ್ಬರಿಗೆ ಬಂದುಬಿಡುತ್ತದೆ; ಅದಕ್ಕೇ ಹಾರಿಸುವ ಮುನ್ನ ಕೂಗುತ್ತಿದ್ದ: “ಮೂರನೇ ಚಾನೆಲ್ ನಂದು ರೀ, ಯಾರೂ ನಡುವ ಬರಬ್ಯಾಡ್ರಿ!”

ದೇವದುರ್ಗದಲ್ಲಿ ನನ್ನ ತಂಗಿಯ ಮದುವೆಯ ದಿನ, ಬ್ಯಾಂಡಿನ ಗದ್ದಲದಲ್ಲಿ ಆ ಕೂಗು ಪಕ್ಕದ ಮದುವೆಯ ಡ್ರೋನಿನವರಿಗೆ ಕೇಳಿಸಲಿಲ್ಲ. ಅವರೂ ಅದೇ ಚಾನೆಲ್ ಹಿಡಿದರು. ಅವರ ಡ್ರೋನ್ ಕಂಡದ್ದು ಇವನ ಗಾಗಲ್ಸಿಗೆ ಬಂತು. ನಾನು ಮಾಳಿಗೆಯ ಮೇಲೆ ಅವನ ಪಕ್ಕದಲ್ಲೇ ಆಕಾಶ ನೋಡುತ್ತ ನಿಂತಿದ್ದೆ.

“ಇದು ನನ್ನ ಚಿತ್ರ ಅಲ್ಲ ರೀ. ಯಾವನೋ ಮಾಳಗಿ ಅಂಚಿಗಿ ನಿಂತಾನ... ಯಪ್ಪಾ, ನಾನಽ!” ಎಂದು ಅವನು ಚೀರಿದ.

ತಿರುಗಿ ನೋಡಿದೆ. ಗೋಡೆಯಿಲ್ಲದ ಆ ತುದಿಯಾಚೆ ಅವನ ಹಿಮ್ಮಡಿಗಳು ಗಾಳಿಯಲ್ಲಿದ್ದವು. ಅಂಗಿ ಹಿಡಿದು ಎಳೆದೆ.

ಗಾಗಲ್ಸ್ ತೆಗೆದು ಆ ತುದಿಯತ್ತ ನೋಡಿದ. ಪಕ್ಕದವರನ್ನು ಬೈಯಲು ನಾನು ಬಾಯಿ ತೆರೆದರೆ, ಕೈಯೆತ್ತಿ ತಡೆದ: “ಸುಮ್ಕಿರ್ರಿ. ಹಾರಿಸ್ಲಿ ಅವ್ರು.”