ಏಕಾದಶಿಯ ದಿನದ ನೀಲಿ ಅನ್ನ

ಆ ದಿನವೂ ಐದಕ್ಕೇ ಎದ್ದೆ. ಬಾಗಿಲಿಗೆ ನೀರು ಹಾಕಿ, ಪರಸಿ ಕಲ್ಲಿನ ಮೇಲೆ ರಂಗೋಲಿ ಎಳೆದು, ಅತ್ತೆಯವರ ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೋದೆ. ಬೇಲಿಯ ಶಂಖಪುಷ್ಪದ ಬಳ್ಳಿಯಲ್ಲಿ ಒಂದು ಹೂವೂ ಇರಲಿಲ್ಲ. ದಾಸವಾಳ ಹಾಗೇ ಇತ್ತು, ಕಣಗಿಲೆ ಹಾಗೇ ಇತ್ತು. ನೀಲಿಯನ್ನಷ್ಟೇ ಯಾರು ಕಿತ್ತರು?

ಹಿಂದಿನ ಪಡಸಾಲೆಗೆ ಬಂದರೆ ನನ್ನ ನೆಗೆಣ್ಣಿ ಕುಕ್ಕರಗಾಲಲ್ಲಿ ಕೂತು, ಆ ಹೂಗಳನ್ನೆಲ್ಲ ಬಿಸಿನೀರಿನಲ್ಲಿ ಹಿಚುಕುತ್ತಿದ್ದಳು. ಅವಳ ಬೆರಳು ಮಸಿ ಚೆಲ್ಲಿಕೊಂಡ ಶಾಲೆಯ ಹುಡುಗಿಯ ಬೆರಳಿನಂತೆ ಕಾಣುತ್ತಿತ್ತು.

ನನ್ನ ಮೈದುನ ಮಲೇಶಿಯಾದ ಪೆನಾಂಗಿನಲ್ಲಿ ಕೆಲಸಕ್ಕಿದ್ದವನು ಅಲ್ಲೇ ಅವಳನ್ನು ಮದುವೆಯಾಗಿ, ಮೊದಲ ಸಲ ಶಹಾಬಾದಿನ ನಮ್ಮ ಮನೆಗೆ ಕರೆತಂದಿದ್ದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಲಯಾಕ್ಕೆ ಬಂದು ನೆಲೆಸಿದ ಚೀನೀಯರು ಅಲ್ಲಿಯವರೊಡನೆ ಬೆರೆತು ಆದ ಮನೆತನ ಅವಳದು. ಅವರ ಹೆಂಗಸರಿಗೆ ನ್ಯೋನ್ಯಾ ಅನ್ನುತ್ತಾರಂತೆ, ಅವರ ಅಡುಗೆಗೂ ಅದೇ ಹೆಸರಂತೆ. ಅವಳಿಗೆ ಕನ್ನಡ ಬಾರದು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ನನಗಿತ್ತಾದ್ದರಿಂದ ಅತ್ತೆಗೂ ಅವಳಿಗೂ ನಡುವೆ ಮಾತು ದಾಟಿಸುವವಳು ನಾನೇ.

ನಾಲ್ಕು ದಿನದ ಹಿಂದೆ ಸ್ಟೇಷನ್ ರಸ್ತೆಯ ಬಂಡಿಯಲ್ಲಿ ಅವಳಿಗೆ ಮಿರ್ಚಿ ಭಜಿ, ಮಂಡಕ್ಕಿಯ ಸುಸಲಾ ತಿನ್ನಿಸಿದ್ದೆ. ಮೆಣಸಿನಕಾಯಿ ಕಡಿದು ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದಳು. ಬಂಡಿಯವನಿಗೆ ಖುಷಿಯೋ ಖುಷಿ. "ಅಕ್ಕಾರ, ಇವ್ರು ನಮ್ಮ ಕಡಿಯವ್ರೇ ಬಿಡ್ರಿ, ಹಾದಿ ತಪ್ಪಿ ಅಲ್ಲಿ ಹುಟ್ಯಾರ!" ಅಂದ. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: ಊರಿಗೆ ಹೋಗುವ ಮುಂಚೆ ಅತ್ತೆಯವರು ತನ್ನ ಕೈಯದು ಒಂದು ತುತ್ತು ತಿನ್ನಬೇಕು.

ಅತ್ತೆಯವರ ಮಡಿಯಡುಗೆಯಲ್ಲಿ ನನಗೇ ಎಷ್ಟು ವರ್ಷದ ಮೇಲೆ ಜಾಗ ಸಿಕ್ಕಿತೋ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಹೇಳಲಿಲ್ಲ. ಹಿಂದಿನ ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ, ನಾಳೆ ಮನೆಯಲ್ಲಿ ಅಡುಗೆಯಿಲ್ಲ, ಒಲೆಗೆ ರಜೆ ಎಂದೆ. ಏಕಾದಶಿ ಅನ್ನಲಿಲ್ಲ. ಒಲೆ ಬಿಡುವಾಗಿದೆ, ಸಂಜೆ ರೈಲು, ಇದೇ ಸಮಯ ಎಂದು ಅವಳು ತಿಳಿದಳು. ಊರಿನಿಂದ ತಂದ ಅಂಟುಅಕ್ಕಿಯನ್ನು ರಾತ್ರಿಯೇ ತನ್ನ ಕೋಣೆಯಲ್ಲಿ ನೆನೆಹಾಕಿದ್ದಳು.

ನಿಲ್ಲಿಸಬೇಕಿತ್ತು. ಆದರೆ ಅರ್ಧ ಅಕ್ಕಿ ಆಗಲೇ ನೀಲಿಯಾಗಿತ್ತು. ಅವಳು ಅದನ್ನು ತೆಂಗಿನ ಹಾಲಿನಲ್ಲಿ ಕಲಸಿ ಪಡಸಾಲೆಯ ಸ್ಟವ್ ಮೇಲೆ ಹಬೆಯಲ್ಲಿ ಬೇಯಿಸಿದಳು. ಬಾಳೆಎಲೆ ಹಾಸಿದ ತಟ್ಟೆಗೆ ತುಂಬಿ, ಮೇಲೆ ತೊಳೆದ ಪರಸಿ ತುಂಡು ಹೇರಿ ಅದುಮಿದಳು. ಇದರ ಜೊತೆ ಮೊಟ್ಟೆ ಹಾಕಿದ ಜಾಮು ಇರಬೇಕಂತೆ. ನಮ್ಮ ಮನೆಗೆಂದು ಬೆಲ್ಲ-ಕೊಬ್ಬರಿ ಕಾಸಿದ್ದಳು. ಅಷ್ಟು ತಿಳಿದುಕೊಂಡವಳಿಗೆ ನಾನು ಇಷ್ಟು ಹೇಳಲಿಲ್ಲವಲ್ಲ!

ಕೊಯ್ದ ತುಂಡುಗಳಲ್ಲಿ ಬಿಳಿಯೊಳಗೆ ನೀಲಿ ಮೋಡದ ಹಾಗೆ ಹರಡಿತ್ತು. ಅತ್ತೆಯವರು ಜಪದ ಮಣೆಯಿಂದ ಎದ್ದು ಬಂದು, ತಟ್ಟೆಯಿಂದ ಒಂದು ಮಾರು ದೂರ ನಿಂತು ನೋಡಿದರು.

"ಇವತ್ತ ಏಕಾದಶಿ ಅಂತ ಆಕಿಗೆ ಹೇಳಿಲ್ಲೇನು?"

"ಇಲ್ರಿ."

"ನಿನಗ ಬಾಯಿ ಇಲ್ಲೇನು?" ಎಂದವರೇ ಒಳಗೆ ಹೋದರು.

ನೆಗೆಣ್ಣಿಗೆ ಉಪವಾಸದ ವಿಷಯ ಹೇಳಿದೆ. ಅನ್ನ ಮುಟ್ಟುವ ಹಾಗಿಲ್ಲ ಎಂದೆ. "ಹಾಗಾದರೆ ನಾಳೆ ತಿನ್ನಬಹುದಲ್ಲ?" ಎಂದು ಕೇಳಿದಳು. ನಾಳೆಗೆ ಅದು ತಂಗಳು. ತಂಗಳು ನಮ್ಮಲ್ಲಿ ಎಲೆಗೆ ಬಾರದು. ನಾನು ಹೌದು-ಅಲ್ಲ ಎರಡಕ್ಕೂ ಹೊಂದುವ ಹಾಗೆ ತಲೆ ಆಡಿಸಿದೆ. ನನಗೆ ಅದೊಂದು ಕೆಟ್ಟ ಅಭ್ಯಾಸ. ಅವಳು ತಟ್ಟೆಗೆ ಬಟ್ಟೆ ಮುಚ್ಚಿ, ಅಂಚುಗಳನ್ನು ಎರಡೆರಡು ಸಲ ಸರಿಮಾಡಿ ಎದ್ದಳು.

ಮಧ್ಯಾಹ್ನ ಅವರ ಪೆಟ್ಟಿಗೆ ಕಟ್ಟಿ ಮುಗಿಸಿ ಹೊರಗೆ ಬಂದಾಗ ಆ ತಟ್ಟೆ ಬಾವಿಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿತ್ತು. ಗೇಟಿನ ಹತ್ತಿರ ಓಣಿಯ ಆಕಳೊಂದು ಬಾಳೆಎಲೆ ಮೆಲ್ಲುತ್ತಿತ್ತು. ಅನ್ನವೂ ಅದರ ಪಾಲಾಯಿತು ಎಂದುಕೊಂಡೆ. ಅತ್ತೆಯವರನ್ನು ಕೇಳುವ ಧೈರ್ಯವಾಗಲಿಲ್ಲ. ಉಪವಾಸದವರು, ಮಲಗಿದ್ದರು; ಅಥವಾ ಕಣ್ಣು ಮುಚ್ಚಿದ್ದರು.

ವಾಡಿ ಜಂಕ್ಷನ್ನಿನಲ್ಲಿ ರೈಲು ಹೊರಡುವ ಹೊತ್ತಿಗೆ ನೆಗೆಣ್ಣಿ ಕಿಟಕಿಯಿಂದ ಕೇಳಿದಳು: "ಅದನ್ನು ಯಾರು ತಿಂದರು?"

"ಎಲ್ಲರೂ," ಎಂದೆ.

ಅವಳು ನಕ್ಕಳು. ನಂಬಿದಳೋ, ನನ್ನನ್ನು ಕಾಪಾಡಲು ನಕ್ಕಳೋ, ಇವತ್ತಿಗೂ ತಿಳಿಯದು. ಸುಳ್ಳಾಡಿದ್ದಕ್ಕೆ ಅಳಬೇಕೋ, ಆಡಿದ್ದೇ ಸರಿಯೋ ಎಂದು ಮನೆಗೆ ಮರಳುವ ಬಸ್ಸಿನುದ್ದಕ್ಕೂ ಯೋಚಿಸಿದೆ. ತಪ್ಪು ಅತ್ತೆಯವರದೇ? ಏಕಾದಶಿ ಅವರು ಮಾಡಿದ್ದಲ್ಲ. ನನ್ನದೇ ಎಂದುಕೊಂಡರೆ ಸಮಾಧಾನವಾಗುತ್ತಿತ್ತು, ಅದೂ ಪೂರ್ತಿ ಅಲ್ಲ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಜು ಮನೆಯಾಕೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವರಲ್ಲಿ ಏಕಾದಶಿಯ ಕಟ್ಟುಪಾಡಿಲ್ಲ. ನನ್ನನ್ನು ನೋಡಿ, ಕೈಕೆಲಸ ಬಿಡದೆಯೇ ಅಂದಳು:

"ವೈನಿ, ಆ ನೀಲಿ ಅನ್ನ ಭಾಳ ಛಲೋ ಇತ್ತ ನೋಡ್ರಿ. ಖರೇ ಹೇಳ್ತೀನಿ, ನಿಮ್ಮತ್ತಿಯವ್ರು ಅದನ್ನ ತಂದ್ಕೊಟ್ಟು ಹೋಗ್ಲೇ ಇಲ್ಲ. ನಾವು ತಿಂದು ಮುಗಿಸೋತನಕ ಬಾಗಲದಾಗೇ ನಿಂತು, 'ಹ್ಯಾಂಗದ? ಮೆತ್ತಗದ ಏನು? ಸಿಹಿ ಸಾಕಾಗೇದ?' ಅಂತ ಕೇಳಾಕತ್ತಿದ್ರು. ಉಪಾಸ ಇದ್ದವ್ರಿಗೆ ಅದೆಲ್ಲ ಯಾಕ ಬೇಕ್ರಿ?"